ಮೀನಿನ ಮರಿಯಲ್ಲಿ ನೆತ್ತರು

ರಕ್ತಸಂಬಂಧ, ರಕ್ತಗತ ಎಂದು ನಾವು ಮಾತಿನಲ್ಲಿ ರಕ್ತವನ್ನು ಧಾರಾಳವಾಗಿ ಬಳಸುತ್ತೇವೆ. ಆದರೆ ಒಂದು ಜೀವದಲ್ಲಿ ಅದು ಮೊಟ್ಟಮೊದಲು ಹುಟ್ಟುವುದು ಎಲ್ಲಿ, ಯಾರ ಅಪ್ಪಣೆಯಿಂದ ಎಂದು ಕೇಳಿದರೆ ಸಾಹಿತ್ಯದ ಮೇಷ್ಟರು ತಡವರಿಸಬೇಕಾಗುತ್ತದೆ. ಈ ಪ್ರಶ್ನೆಗೆ ಬೆಳಕು ಚೆಲ್ಲಿದ್ದು ಕಿರುಬೆರಳಿನಷ್ಟೂ ಉದ್ದವಿಲ್ಲದ ಒಂದು ಮೀನು.

ಮೈಮೇಲೆ ನೀಲಿ ಪಟ್ಟೆಗಳುಳ್ಳ ಇದಕ್ಕೆ ಜೀಬ್ರಾ ಮೀನೆಂದು ಹೆಸರು. ನಮ್ಮ ದೇಶದ ತೊರೆಗಳಲ್ಲಿಯೂ ಬತ್ತದ ಗದ್ದೆಗಳಲ್ಲಿಯೂ ಇದರ ವಾಸ. 1822ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದ ಫ್ರಾನ್ಸಿಸ್ ಹ್ಯಾಮಿಲ್ಟನ್ ನಮಗೆ ಅಪರಿಚಿತನಲ್ಲ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿ ಊರೂರಿನ ಬೆಳೆ, ಕಸುಬುಗಳನ್ನು ಬರೆದಿಟ್ಟ ಬುಕಾನನ್ನನೇ ಅವನು. ಹೆಸರನ್ನು ಆಮೇಲೆ ಬದಲಿಸಿಕೊಂಡ.

ಅಮೆರಿಕದ ಆರಿಗನ್ನಿನಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಅವರು ಈ ಮೀನನ್ನು ತಳಿಶಾಸ್ತ್ರದ ಪ್ರಯೋಗಕ್ಕೆ ಪಳಗಿಸಿದರು. ಇದರ ಭ್ರೂಣ ತಾಯಿಯ ಒಡಲಿನ ಹೊರಗೆ ಬೆಳೆಯುತ್ತದೆ, ಗಾಜಿನಂತೆ ಪಾರದರ್ಶಕ. ಸುಮಾರು ಒಂದು ದಿನದೊಳಗೆ ಹೃದಯ ಮಿಡಿಯತೊಡಗಿ, ರಕ್ತಕಣಗಳು ಸಾಲುಗಟ್ಟಿ ಹರಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಾಣಬಹುದು. ಕೆಂಪುಕಣವಿಲ್ಲದ ಮರಿಯೂ ನೀರಿನಿಂದ ಮೈಗೆ ಇಳಿಯುವ ಪ್ರಾಣವಾಯುವಿನಿಂದಲೇ ಕೆಲವು ದಿನ ಬದುಕುತ್ತದೆ. ಇಲಿಯ ಭ್ರೂಣಕ್ಕೆ ಈ ಭಾಗ್ಯವಿಲ್ಲ.

ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ಮತ್ತು ಅಮೆರಿಕದ ಬಾಸ್ಟನ್ನಿನಲ್ಲಿ ವಂಶವಾಹಿಗಳನ್ನು ರಾಸಾಯನಿಕದಿಂದ ಕೆಡಿಸಿ ಹುಟ್ಟಿಸಿದ ಸಾವಿರಾರು ವಿಕೃತ ತಳಿಗಳ ವರದಿ 1996ರಲ್ಲಿ ಹೊರಬಿದ್ದಿತು. ಅವುಗಳಲ್ಲಿ ನೆತ್ತರಿನ ದೋಷವಿದ್ದ ಹಲವಕ್ಕೆ ರೀಸ್ಲಿಂಗ್, ಶಾರ್ಡೊನೆ, ಸೋಟರ್ನ್ ಎಂದು ದ್ರಾಕ್ಷಾರಸದ ಹೆಸರುಗಳು! ಬಿಳಿಚಿಕೊಂಡ ಮರಿಗೆ ಬಿಳಿಯ ಮದ್ಯದ ಹೆಸರು. ಅಲಂಕಾರಶಾಸ್ತ್ರ ಓದದವರಿಗೂ ಉಪಮೆ ಒಲಿಯುತ್ತದೆಯಲ್ಲ ಎಂದು ನನಗೆ ಸಂತೋಷವಾಯಿತು. ಇನ್ನೊಂದು ತಳಿಗೆ ವ್ಲಾಡ್ ಟೆಪೆಶ್ ಎಂದು ಹೆಸರಿಟ್ಟರು; ರಕ್ತಪಿಪಾಸು ಡ್ರಾಕುಲನ ಕಥೆಗೆ ಹೆಸರು ಕೊಟ್ಟ ದೊರೆ ಅವನು.

ಈ ವ್ಲಾಡ್‌ನಲ್ಲಿ ಕೆಟ್ಟಿರುವುದು ಗಾಟಾ-1 ಎಂಬ ವಂಶವಾಹಿ. ಅದು ಬೇರೆ ವಂಶವಾಹಿಗಳನ್ನು ಎಬ್ಬಿಸುವ, ಮಲಗಿಸುವ ಯಜಮಾನ. ಅದರ ಎದುರಾಳಿ ಪಿಯು-1. ಎಳೆಯ ಕೋಶದಲ್ಲಿ ಗಾಟಾದ ಕೈ ಮೇಲಾದರೆ ಕೆಂಪುಕಣ; ಪಿಯುವಿನದಾದರೆ ಬಿಳಿಯ ಕಾವಲುಕಣ. ಗಾಟಾವನ್ನು ಅಡಗಿಸಿದಾಗ ಕೆಂಪಾಗಬೇಕಿದ್ದ ಕೋಶಗಳೇ ಬಿಳಿಯ ದಾರಿ ಹಿಡಿದುದನ್ನು 2005ರಲ್ಲಿ ಕಂಡರು. ಕುಲವೆನ್ನುವುದು ಕೋಶಕ್ಕೂ ಹುಟ್ಟಿನಿಂದಲೇ ಖಚಿತವಲ್ಲವೆಂದಾಯಿತು.

ಈ ಮೊದಲ ನೆತ್ತರು ತಾತ್ಕಾಲಿಕ. ಬಾಳಿನುದ್ದಕ್ಕೂ ರಕ್ತವೂಡುವ ಮೂಲಕೋಶಗಳು ರನ್ಕ್ಸ್-1 ಎಂಬ ವಂಶವಾಹಿಯ ನೆರವಿನಿಂದ ಮಹಾಧಮನಿಯ ತಳದಲ್ಲಿ ಹುಟ್ಟುತ್ತವೆ. ನಾಳದ ಗೋಡೆಯ ಕೋಶವೊಂದು ಮೆಲ್ಲನೆ ಬಾಗಿ, ಕಳಚಿಕೊಂಡು, ಇಟ್ಟಿಗೆಯೇ ದಾರಿಹೋಕನಾದಂತೆ ಹೊರಟುಹೋಗುವುದನ್ನು 2010ರಲ್ಲಿ ಜೀವಂತ ಮರಿಯಲ್ಲಿಯೇ ನೋಡಿದರು. ಕಾಲುವೆಯ ದಂಡೆಯೇ ನೀರಾಗುವ ಈ ಸೋಜಿಗಕ್ಕೆ ನನಗೆ ಸರಿಯಾದ ಉಪಮಾನ ಸಿಕ್ಕಿಲ್ಲ. ಕೊನೆಗೆ ಅವು ನೆಲೆಯೂರುವುದು ಮೂತ್ರಪಿಂಡದಲ್ಲಿ. ನಮ್ಮ ಮೂಳೆಮಜ್ಜೆಯ ಕೆಲಸ ಮೀನಿನಲ್ಲಿ ಅದರ ಪಾಲು.

ವೈಸ್‌ಹೆರ್ಬ್ಸ್ಟ್ ಎಂಬ ಮತ್ತೊಂದು ತಳಿಯ ಮರಿಗೆ ಮೊಟ್ಟೆಯ ಹಳದಿಯಲ್ಲಿ ಕಬ್ಬಿಣ ತುಂಬಿದ್ದರೂ ಮೈಗೆ ದಕ್ಕದು; ಸಾಗಿಸುವ ಬಾಗಿಲು ಕೆಟ್ಟಿರುತ್ತದೆ. ಆ ಬಾಗಿಲನ್ನು 2000ದಲ್ಲಿ ಗುರುತಿಸಿ ಫೆರೋಪೋರ್ಟಿನ್ ಎಂದು ಕರೆದರು. ಮನುಷ್ಯರಲ್ಲಿ ಹುಡುಕಿದಾಗ ಅದು ಮಾಸಿನಲ್ಲಿ, ತಾಯಿಯ ರಕ್ತದ ಕಬ್ಬಿಣವು ಮಗುವಿನ ಕಡೆಗೆ ದಾಟುವ ಹೊಸ್ತಿಲಿನಲ್ಲಿಯೇ, ಸಿಕ್ಕಿತು.