ಭಾರವೆತ್ತುವ ಅಭ್ಯಾಸ

(ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ವ್ಯಾಯಾಮದ ಮಹತ್ವವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಈ ಸಭೆಯ ಚಾಲಕರು ನಮಗೆ ಅಪ್ಪಣೆ ಮಾಡಿದ್ದಾರೆ. ವ್ಯಾಯಾಮವು ಮಹತ್ವದ್ದೆಂಬದನ್ನು ಅಲ್ಲಗಳೆಯುವವರು ಇಲ್ಲಿ ಒಬ್ಬರೂ ಇರಲಾರರು. ಅದನ್ನು ಮಾಡುವವರೂ ಬಹಳ ಮಂದಿ ಇರಲಾರರೆಂದು ನಮ್ಮ ಊಹೆ. ಆದುದರಿಂದ ಮಹತ್ವದ ಮಾತನ್ನು ಬದಿಗಿರಿಸಿ, ಭಾರವನ್ನೆತ್ತಿ ಮೈಯ ಬಲವನ್ನೂ ತೂಕವನ್ನೂ ಹೆಚ್ಚಿಸಿಕೊಳ್ಳುವದು ಹೇಗೆಂಬ ಒಂದೇ ವಿಷಯವನ್ನು ಮೊದಲಿನಿಂದ ವಿವರಿಸಲು ಅನುಮತಿ ಬೇಡುತ್ತೇವೆ.

ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಒಂದು ಕಾರಣವುಂಟು. ಅದು ನಮಗೆ ಭೂಷಣವಾದುದೇನೂ ಅಲ್ಲ. ನಮ್ಮಲ್ಲಿ ಓದಿ ಹೋದ ಹುಡುಗನೊಬ್ಬನು ನೌಕರಿಯೊಂದರ ದೇಹಪರೀಕ್ಷೆಗೆ ಹೋಗಿದ್ದನು. ಓಟದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ತೂಕದ ಯಂತ್ರದ ಮೇಲೆ ನಿಂತಾಗ ನಾಲ್ಕು ಕಿಲೋ ಕಡಿಮೆಯಾಯಿತು. "ಗುರುಗಳೇ, ಮೈಯಲ್ಲಿ ತೂಕ ಬರುವ ಹಾಗೆ ಏನಾದರೂ ಹೇಳಿರಿ" ಎಂದು ಅವನು ನಮ್ಮ ಮನೆಗೆ ಬಂದನು. ನಾವು ಗಂಭೀರವಾಗಿ, "ದಿನಾಲು ಐದು ನೂರು ಬೈಠಕು ಹೊಡೆ, ಒಂದು ಹರದಾರಿ ಓಡು, ತುಪ್ಪ ಉಣ್ಣು" ಎಂದೆವು. ಪಾಪ, ಅವನು ಹಾಗೆಯೇ ಮಾಡಿದನು. ತುಪ್ಪವು ಬಡವರ ಮನೆಯಲ್ಲಿ ಎಷ್ಟಿರಬೇಕೋ ಅಷ್ಟೇ ಇದ್ದಿತು. ಬೈಠಕೂ ಓಟವೂ ಮಾತ್ರ ಪೂರ್ತಿಯಾಗಿ ನಡೆದವು. ಮೂರು ತಿಂಗಳ ಮೇಲೆ ತೂಗಿದರೆ ಮೊದಲಿಗಿಂತ ಒಂದು ಕಿಲೋ ಇಳಿದಿದ್ದನು. ಅನಂತರ ಅವನು ನಮ್ಮನ್ನು ಕೇಳಲು ಬರಲಿಲ್ಲ. ಯಾರೋ ಕೊಟ್ಟ ಪುಡಿಯನ್ನು ತಿಂದನು, ಮತ್ತೆ ಯಾರೋ ಚುಚ್ಚಿದ ಸೂಜಿಮದ್ದನ್ನು ತೆಗೆದುಕೊಂಡನು. ತೂಕವೇನೋ ಏರಿತು, ಆದರೆ ಅವನು ನೌಕರಿಗೆ ಸೇರುವ ಬದಲು ವೈದ್ಯರ ಬಾಗಿಲಿಗೆ ಸೇರಿದನು. ತಿಳಿಯದ ವಿಷಯದಲ್ಲಿ ತಿಳಿದವರಂತೆ ನುಡಿದ ತಪ್ಪು ನಮ್ಮದು. ಆ ಬಳಿಕವೇ ನಾವು ಇದನ್ನು ಕಲಿಯತೊಡಗಿದೆವು.

ಭಾರವೆತ್ತುವದು ನಮ್ಮ ಜನರಿಗೆ ಹೊಸದಲ್ಲ. ಹಳೆಯ ಊರುಗಳಲ್ಲಿ ಹನುಮಪ್ಪನ ಗುಡಿಯ ಮುಂದೆ ಇಂದಿಗೂ ಗುಂಡುಕಲ್ಲು ಬಿದ್ದಿರುವದನ್ನು ತಾವು ಕಂಡಿರಬಹುದು. ಜಾತ್ರೆಗಳಲ್ಲಿ ಸಂಗ್ರಾಣಿಕಲ್ಲನ್ನು ಎತ್ತುವ, ಜೋಳದ ಚೀಲವನ್ನು ಹೆಗಲಿಗೇರಿಸುವ ಪಂದ್ಯಗಳು ನಡೆಯುತ್ತವೆ. ಗರಡಿಮನೆಯಲ್ಲಿ ಸಾಮು, ಲೋಡು, ಗದೆ ಇವೆಲ್ಲ ಇದ್ದವು. ಆದರೆ ಕಲ್ಲಿಗೆ ಒಂದು ದೋಷವುಂಟು: ಅದರ ತೂಕವು ಒಂದೇ. ಅದನ್ನು ಎತ್ತಬಲ್ಲವನಿಗೆ ಅದರಿಂದ ಕಲಿಯತಕ್ಕದ್ದು ಉಳಿಯಲಿಲ್ಲ; ಎತ್ತಲಾರದವನಿಗೆ ಅದು ಮೆಟ್ಟಿಲಾಗಲಿಲ್ಲ, ಗೋಡೆಯಾಯಿತು. ಚಿಕ್ಕ ಕಲ್ಲಿಗೂ ಅದರ ಮುಂದಿನ ಕಲ್ಲಿಗೂ ಹತ್ತು ಹದಿನೈದು ಕಿಲೋ ಅಂತರವಿದ್ದರೆ ನಡುವಿನ ದಾರಿಯನ್ನು ದುರ್ಬಲನು ದಾಟುವದು ಹೇಗೆ? ಹುಟ್ಟಿನಿಂದಲೇ ಬಲವುಳ್ಳವರು ಪೈಲವಾನರಾದರು. ಉಳಿದವರು ಸುತ್ತ ನಿಂತು ಚಪ್ಪಾಳೆ ತಟ್ಟಿದರು. ದಂಡ ಬೈಠಕುಗಳ ಕೊರತೆ ಇನ್ನೊಂದು ಬಗೆಯದು. ಅಲ್ಲಿ ಹೊರುವ ಭಾರವು ನಮ್ಮ ಮೈಯ ತೂಕವೇ. ಹತ್ತು ಬೈಠಕು ಹಾಕುವವನು ನೂರು ಹಾಕಿದರೆ ದಮ್ಮು ಬೆಳೆಯುವದು, ತಾಳಿಕೆ ಬೆಳೆಯುವದು. ಬಲವು ಒಂದು ಮಟ್ಟಕ್ಕೆ ಬಂದು ನಿಲ್ಲುವದು. ನಮ್ಮ ಶಿಷ್ಯನಿಗೆ ಆದದ್ದೂ ಇದೇ.

ಪುರಾತನ ಗ್ರೀಕರಲ್ಲಿ ಕ್ರೋಟನ್ ಪಟ್ಟಣದ ಮೈಲೋ ಎಂಬ ಜಟ್ಟಿಯ ಕಥೆಯುಂಟು. ಅವನು ಎಳೆಗರುವೊಂದನ್ನು ದಿನಾಲು ಹೊತ್ತು ನಡೆಯುತ್ತಿದ್ದನಂತೆ. ಕರು ಬೆಳೆದು ಹೋರಿಯಾದಾಗ ಹೋರಿಯನ್ನೇ ಹೊತ್ತನಂತೆ. ಕಥೆಯು ಉತ್ಪ್ರೇಕ್ಷೆಯದಾದರೂ ಅದರ ತಿರುಳು ನಿಜವಾದುದು: ಭಾರವು ಸ್ವಲ್ಪ ಸ್ವಲ್ಪವಾಗಿ ಏರಬೇಕು. ಈ ತತ್ವವನ್ನು ವೈದ್ಯಶಾಸ್ತ್ರದೊಳಗೆ ತಂದವರಲ್ಲಿ ಮುಖ್ಯನು ಅಮೇರಿಕೆಯ ಥಾಮಸ್ ಡೆಲಾರ್ಮ್ ಎಂಬ ವೈದ್ಯನು. ಎರಡನೆಯ ಮಹಾಯುದ್ಧದಲ್ಲಿ ಮೊಣಕಾಲು ಕೆಟ್ಟು ಬಂದ ಸೈನಿಕರಿಗೆ ಹಗುರವಾದ ಭಾರವನ್ನು ಹಲವು ಸಾರೆ ಎತ್ತಿಸುವದು ಆಗಿನ ರೂಢಿಯಾಗಿತ್ತು. ಇವನು ಹೆಚ್ಚು ಭಾರವನ್ನು ಕೆಲವೇ ಸಾರೆ ಎತ್ತಿಸಿ, ಬಲವು ಬಂದಂತೆ ಭಾರವನ್ನು ಏರಿಸಿ, 1945ರಲ್ಲಿ ಅದರ ಫಲವನ್ನು ಪ್ರಕಟಿಸಿದನು. ನಮ್ಮಲ್ಲಿಯೂ ಈ ವಿದ್ಯೆಗೆ ಆಚಾರ್ಯರಿಲ್ಲದೆ ಇರಲಿಲ್ಲ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡಿಸಿದ ಕೆ. ವಿ. ಅಯ್ಯರರು (1897-1980) ಬಾರ್‌ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಅಂಗಳದಲ್ಲಿ ಕೂಡಿಸಿದವರು. ಅವರೇ 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃಗಳೆಂಬದನ್ನು, ಮೈ ಬೆಳೆದವನ ಬುದ್ಧಿ ಬೆಳೆಯದೆಂದು ಮಕ್ಕಳಿಗೆ ಹೇಳುವ ಮಿತ್ರರು ದಯಮಾಡಿ ನೆನೆಯಬೇಕು.

ಇನ್ನು ಆರಂಭದ ವಿಚಾರ. ಪಂದ್ಯಗಳಲ್ಲಿ ಗಂಡಸರು ಬಳಸುವ ಕಬ್ಬಿಣದ ಬಾರಿನ ತೂಕ 20 ಕಿಲೋ, ಹೆಂಗಸರದು 15. ಮೊದಲ ದಿನ ಆ ಬರಿಯ ಬಾರೇ ಸಾಕು. ಅದೂ ಹೆಚ್ಚಾದರೆ ಮರದ ಕೋಲು ಸಾಕು. ಕಲಿಯತಕ್ಕ ಚಲನೆಗಳು ಬಹಳವಿಲ್ಲ. ಬಾರನ್ನು ಹೆಗಲ ಹಿಂದೆ ಇರಿಸಿಕೊಂಡು ಬೈಠಕು ಹಾಕುವದು. ನೆಲದ ಮೇಲಿನ ಭಾರವನ್ನು ಹಿಡಿದು ನೆಟ್ಟಗೆ ನಿಲ್ಲುವದು. ಹಲಗೆಯ ಮೇಲೆ ಅಂಗಾತ ಮಲಗಿ ಎದೆಯಿಂದ ಮೇಲಕ್ಕೆ ದೂಡುವದು. ನಿಂತು ತಲೆಯ ಮೇಲಕ್ಕೆತ್ತುವದು. ಬಾಗಿ ಹೊಟ್ಟೆಯ ಕಡೆಗೆ ಎಳೆಯುವದು. ಈ ಐದರಲ್ಲಿ ಮೈಯ ದೊಡ್ಡ ಸ್ನಾಯುಗಳೆಲ್ಲವೂ ದುಡಿಯುವವು. ನೆಲದಿಂದ ಎತ್ತುವಾಗ ಭಾರವು ಕಾಲಿಗೆ ತೀರ ಹತ್ತಿರವಿರಬೇಕು; ಬೆನ್ನು ಬಿಲ್ಲಿನಂತೆ ಬಾಗಕೂಡದು; ಸೊಂಟವೂ ಮೊಣಕಾಲೂ ಕೂಡಿಯೇ ನೆಟ್ಟಗಾಗಬೇಕು. ಅಕ್ಕಿಯ ಚೀಲವನ್ನು ದಿನಾಲು ಎತ್ತುವ ಹಮಾಲರನ್ನು ಪೇಟೆಯಲ್ಲಿ ನಿಂತು ನೋಡಿರಿ; ಅವರಲ್ಲಿ ಬಲ್ಲವನು ಚೀಲವನ್ನು ಮೊದಲು ಮೈಗೆ ಒತ್ತಿಕೊಳ್ಳುವನು, ಆಮೇಲೆ ಏಳುವನು.

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ವಿಶ್ರಾಂತಿ. ಒಂದೊಂದು ಚಲನೆಯನ್ನು ಐದರಿಂದ ಹತ್ತು ಸಾರೆ ಮಾಡಿ, ಎರಡು ಮೂರು ನಿಮಿಷ ಕುಳಿತು, ಹೀಗೆ ಮೂರು ಸರತಿ ಮಾಡತಕ್ಕದ್ದು. ಸರತಿಯ ಕೊನೆಯಲ್ಲಿ "ಇನ್ನು ಎರಡು ಸಾರೆ ಆಗಬಹುದಾಗಿತ್ತು" ಎಂಬಷ್ಟು ಶಕ್ತಿ ಉಳಿದಿರಲಿ. ಮೂರು ಸರತಿಗಳೂ ಸರಿಯಾಗಿ ಮುಗಿದರೆ ಮುಂದಿನ ಸಾರೆ ಎರಡೂವರೆ ಕಿಲೋ ಏರಿಸಿರಿ, ಎಂದರೆ ಬಾರಿನ ಒಂದೊಂದು ತುದಿಗೆ ಒಂದೂಕಾಲು ಕಿಲೋ ಬಿಲ್ಲೆ. ಈ ಪುಟ್ಟ ಬಿಲ್ಲೆಯೇ ಗುಂಡುಕಲ್ಲಿನಲ್ಲಿ ಇಲ್ಲದಿದ್ದ ಮೆಟ್ಟಿಲು. ಏರಿಸಿದ ದಿನ ಮುಗಿಯದಿದ್ದರೆ ಅದೇ ಭಾರದಲ್ಲಿ ನಿಲ್ಲಿರಿ. ಎರಡು ಮೂರು ಸಾರೆ ಸೋತರೆ ಹತ್ತರಲ್ಲಿ ಒಂದು ಪಾಲು ಇಳಿಸಿ ಮತ್ತೆ ಏರಿರಿ. ನಮ್ಮಲ್ಲಿ ಗಣಿತದ ಉಪಾಧ್ಯಾಯರು ಕೆಲವರಿದ್ದಾರೆ. ವಾರಕ್ಕೆ ಎರಡೂವರೆಯಂತೆ 52 ವಾರಕ್ಕೆ 130 ಕಿಲೋ ಆಯಿತೆಂದು ಅವರು ಈಗಾಗಲೇ ಲೆಕ್ಕ ಹಾಕಿರಬಹುದು. ಮೈಗೆ ತ್ರೈರಾಶಿ ತಿಳಿಯದು. ಮೊದಲ ಕೆಲವು ತಿಂಗಳು ಏರಿಕೆ ಬೇಗ, ಆಮೇಲೆ ನಿಧಾನ; ಕೆಲವು ವರುಷಗಳ ಮೇಲೆ ವರುಷಕ್ಕೆ ಹತ್ತು ಕಿಲೋ ಏರಿದರೂ ಸಂತೋಷಪಡತಕ್ಕದ್ದೇ.

ಇಲ್ಲಿ ಆರಂಭದವರು ಮೋಸಹೋಗುವ ಒಂದು ಸಂಗತಿಯನ್ನು ಹೇಳಬೇಕು. ಮೊದಲ ತಿಂಗಳಲ್ಲಿ ಎತ್ತುವ ಭಾರವು ಬಹಳ ಏರುವದು, ಕನ್ನಡಿಯಲ್ಲಿ ಮಾತ್ರ ಏನೂ ಕಾಣದು. ಆಗ ತರುಣರು ನಿರಾಶರಾಗಿ ಬಿಡುವರು, ಇಲ್ಲವೇ ಪುಡಿಯ ಅಂಗಡಿಗೆ ಓಡುವರು. ಕಾರಣವಿಷ್ಟೇ: ಮೊದಲು ಕಲಿಯುವವು ನರಗಳು. ಇದ್ದ ಸ್ನಾಯುವನ್ನೇ ಹೆಚ್ಚು ಪೂರ್ಣವಾಗಿ, ಹೊಂದಿಕೆಯಿಂದ ದುಡಿಸಲು ಅವು ಕಲಿಯುತ್ತವೆ. ಸ್ನಾಯುವಿನ ಎಳೆಗಳು ದಪ್ಪವಾಗಿ ಕಣ್ಣಿಗೆ ಕಾಣಲು ಎರಡು ಮೂರು ತಿಂಗಳಾದರೂ ಬೇಕು. ಈ ಅವಧಿಯಲ್ಲಿ ಧೈರ್ಯ ಕೊಡುವದು ದಿನಚರಿಯ ವಹಿಯೊಂದೇ. ದಿನಾಂಕ, ಚಲನೆ, ಭಾರ, ಸಂಖ್ಯೆ, ಇಷ್ಟನ್ನು ಬರೆದಿಡದವನು ಹೋದ ವಾರ ಏನು ಎತ್ತಿದ್ದನೆಂಬದನ್ನೇ ಮರೆಯುವನು.

ಬಲಕ್ಕೆ ಭಾರವು ಹೇಗೋ ತೂಕಕ್ಕೆ ಅನ್ನವು ಹಾಗೆ. ಕಳೆಯುವದಕ್ಕಿಂತ ಹೆಚ್ಚು ಉಣ್ಣದೆ ತೂಕವು ಏರದು. ಬಡಕಲು ಹುಡುಗರು "ನಾವು ಬಹಳ ಉಣ್ಣುತ್ತೇವೆ" ಎನ್ನುವರು. ತೂಗಿ ನೋಡಿದರೆ ಒಂದು ಹೊತ್ತು ಬಹಳ, ಎರಡು ಹೊತ್ತು ಏನೂ ಇಲ್ಲ. ಇದಲ್ಲದೆ ಸ್ನಾಯು ಕಟ್ಟಲು ಪ್ರೋಟೀನು ಬೇಕು. ಭಾರವೆತ್ತುವವನಿಗೆ ಮೈಯ ಕಿಲೋ ಒಂದಕ್ಕೆ ದಿನಾಲು ಸುಮಾರು 1.6 ಗ್ರಾಮು ಸಾಕೆಂದು ಈಗಿನ ಸಂಶೋಧನೆಗಳು ಹೇಳುವವು. 60 ಕಿಲೋ ತೂಗುವವನಿಗೆ 96 ಗ್ರಾಮು. ಇದಕ್ಕೆ ಡಬ್ಬಿಯ ಪುಡಿಯೇ ಬೇಕೆಂಬದು ಸುಳ್ಳು. ಮುನ್ನೂರು ಗ್ರಾಮು ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಹೆಚ್ಚುಕಡಿಮೆ 30 ಗ್ರಾಮು. ನೂರು ಗ್ರಾಮು ತೊಗರಿಬೇಳೆ ಅಥವಾ ಹುರಳಿ, ಹೆಸರು ಮೊದಲಾದ ಕಾಳಿನಲ್ಲಿ 22. ಐವತ್ತು ಗ್ರಾಮು ಶೇಂಗಾದಲ್ಲಿ 12. ಅರ್ಧ ಲೀಟರು ಹಾಲಿನಲ್ಲಿ 16. ಒಂದು ಬಟ್ಟಲು ಮೊಸರಿನಲ್ಲಿ ಆರು. ಕೂಡಿಸಿದರೆ 86 ಆಯಿತು. ಉಳಿದುದನ್ನು ತಿನ್ನುವವರು ಎರಡು ತತ್ತಿಯಿಂದ, ತಿನ್ನದವರು ಒಂದು ಹಿಡಿ ಪುಟಾಣಿಯಿಂದ ತುಂಬಿಸಿಕೊಳ್ಳಬಹುದು. ನಮ್ಮ ಶಿಷ್ಯನಿಗೆ ನಾವು ತುಪ್ಪವನ್ನು ಹೇಳಿದೆವು. ಹೇಳಬೇಕಾಗಿದ್ದುದು ಬೇಳೆಯ ಕಟ್ಟನ್ನು ನೀರಾಗಿಸದೆ ಗಟ್ಟಿಯಾಗಿ ಉಣ್ಣೆಂದು.

ವಾರಕ್ಕೊಮ್ಮೆ, ಮುಂಜಾನೆ ಬರಿಹೊಟ್ಟೆಯಲ್ಲಿ ತೂಗಿಕೊಳ್ಳಿರಿ. ವಾರಕ್ಕೆ ಕಾಲು ಕಿಲೋ ಏರಿದರೆ ಸರಿಯಾದ ದಾರಿ. ಅರ್ಧ ಕಿಲೋ ಮೀರಿದರೆ ಹೆಚ್ಚಿನ ಪಾಲು ಕೊಬ್ಬೇ. ಈಗಾಗಲೇ ಹೊಟ್ಟೆ ಮುಂದೆ ಬಂದಿರುವ ನಮ್ಮಂಥವರಿಗೆ ತೂಕ ಏರಿಸುವ ಚಿಂತೆ ಬೇಡ. ಊಟವನ್ನು ಹೆಚ್ಚಿಸದೆ ಭಾರವನ್ನಷ್ಟೇ ಏರಿಸಿದರಾಯಿತು. ನಿದ್ದೆಯು ಏಳೆಂಟು ತಾಸು ಬೇಕು. ಪರೀಕ್ಷೆಯ ಕಾಲದಲ್ಲಿ ರಾತ್ರಿಯೆಲ್ಲ ಎದ್ದಿರುವ ಹುಡುಗನು ಭಾರವನ್ನು ಏರಿಸಹೋಗಬಾರದು.

ತೂಕವೂ ಬಲವೂ ಜೊತೆಯಾಗಿ ಏರುವದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರು 2018ರಲ್ಲಿ ಗೋಲ್ಡ್ ಕೋಸ್ಟಿನ ಕಾಮನ್‌ವೆಲ್ತ್ ಪಂದ್ಯಗಳಲ್ಲಿ 56 ಕಿಲೋ ವರ್ಗದೊಳಗೆ ಒಟ್ಟು 249 ಕಿಲೋ ಎತ್ತಿ ಬೆಳ್ಳಿಯ ಪದಕ ಪಡೆದರು. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 61 ಕಿಲೋ ವರ್ಗದಲ್ಲಿ 269 ಕಿಲೋ ಎತ್ತಿ ಕಂಚನ್ನು ಪಡೆದರು. ನುರಿತ ಮಲ್ಲನಿಗೂ ನಾಲ್ಕು ವರುಷದಲ್ಲಿ ಮೊತ್ತಕ್ಕೆ ಸೇರಿದ್ದು 20 ಕಿಲೋ! ಒಂದು ತಿಂಗಳಲ್ಲಿ ಮೈಯನ್ನೇ ಬದಲಿಸುತ್ತೇವೆಂದು ಗೋಡೆಗೆ ಚಿತ್ರ ಅಂಟಿಸುವವರ ಮಾತನ್ನು ಇದರ ಪಕ್ಕದಲ್ಲಿಟ್ಟು ತಾವೇ ತೂಗಬಹುದು.

ತಾಯಂದಿರು ಇದು ಗಂಡಸರ ಕೆಲಸವೆಂದು ತಿಳಿಯಬಾರದು. ಆಂಧ್ರದ ಕರ್ಣಂ ಮಲ್ಲೇಶ್ವರಿಯವರು 2000ದಲ್ಲಿ ಸಿಡ್ನಿಯಲ್ಲಿ 240 ಕಿಲೋ ಎತ್ತಿ ಕಂಚು ಗೆದ್ದು, ಒಲಿಂಪಿಕ್ ಪದಕ ಪಡೆದ ಮೊದಲ ಭಾರತೀಯ ಮಹಿಳೆಯಾದರು. ಎಲುಬು ಸವೆಯುವ ವಯಸ್ಸಿನಲ್ಲಿ ಹೆಂಗಸರಿಗೇ ಇದರ ಅವಶ್ಯಕತೆ ಹೆಚ್ಚು. ಮುದುಕರಿಗಾಯಿತೇ? 1990ರಲ್ಲಿ ಪ್ರಕಟವಾದ ಬೋಸ್ಟನ್ ಪಟ್ಟಣದ ಪ್ರಯೋಗವೊಂದರಲ್ಲಿ ತೊಂಬತ್ತರ ಸುಮಾರಿನ ಹತ್ತು ಮಂದಿ ವೃದ್ಧರಿಗೆ ಎಂಟು ವಾರ ಕಾಲಿನ ಭಾರವೆತ್ತಿಸಿದರು; ಪೂರ್ತಿ ಮಾಡಿದವರ ಬಲವು ಸರಾಸರಿಯಲ್ಲಿ ಎರಡು ಪಟ್ಟಿಗೂ ಮಿಕ್ಕಿತು. ಮಕ್ಕಳು ಭಾರವೆತ್ತಿದರೆ ಕುಳ್ಳರಾಗುವರೆಂಬ ಹೆದರಿಕೆಗೂ ಆಧಾರವಿಲ್ಲ. ಬಲ್ಲವರ ಕಣ್ಣೆದುರಿನಲ್ಲಿ, ಹಗುರವಾದ ಭಾರದಿಂದ ಕಲಿಸಿದರೆ ಸಾಕು. ಆದರೆ ರಕ್ತದ ಒತ್ತಡ, ಹೃದಯದ ಬೇನೆ, ಹರ್ನಿಯಾ ಉಳ್ಳವರು ವೈದ್ಯರನ್ನು ಕೇಳದೆ ಬಾರನ್ನು ಮುಟ್ಟಕೂಡದು.

ಸೂಜಿಮದ್ದಿನ ಮಾತನ್ನು ಸ್ಪಷ್ಟವಾಗಿಯೇ ಹೇಳುತ್ತೇವೆ, ಏಕೆಂದರೆ ತಾವು ಹುಡುಗರ ನಡುವೆ ಇರುವವರು. ಆ ಔಷಧಿಗಳು ಗಂಡಸುತನದ ಹಾರ್ಮೋನಿನ ಜಾತಿಯವು. ಹೊರಗಿನಿಂದ ಅದು ಬಂದೊಡನೆ ಮೈಯು ತನ್ನದನ್ನು ತಯಾರಿಸುವದನ್ನು ನಿಲ್ಲಿಸುವದು. ಬೀಜವು ಕುಗ್ಗುವದು, ಸಂತಾನಶಕ್ತಿ ಕುಂದುವದು, ಹೃದಯಕ್ಕೂ ಯಕೃತ್ತಿಗೂ ಅಪಾಯವಾಗುವದು. ಬಿಟ್ಟ ಮೇಲೆ ಮನಸ್ಸು ಕುಸಿಯುವದು. ಆರು ತಿಂಗಳಲ್ಲಿ ಹಠಾತ್ತಾಗಿ ದಪ್ಪನಾದ ಹುಡುಗನನ್ನು ಕಂಡರೆ ಹೊಗಳುವ ಮೊದಲು ಒಂದಿಷ್ಟು ವಿಚಾರಿಸಿರಿ.

ನಮ್ಮ ಆ ಶಿಷ್ಯನು ಈಗ ಗುಣವಾಗಿದ್ದಾನೆ. ನೌಕರಿಯ ವಯಸ್ಸು ಮೀರಿತು. ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಸಂಜೆಗೆ ನಮ್ಮ ಶಾಲೆಯ ಹಿಂದಿನ ತಗಡಿನ ಕೊಟ್ಟಿಗೆಯ ಕೀಲಿಯು ಅವನ ಕೈಯಲ್ಲಿರುವದು. ಅಲ್ಲಿ ಒಂದು ಬಾರು, ನೂರು ಕಿಲೋ ಬಿಲ್ಲೆ, ಒಂದು ಹಲಗೆ, ಒಂದು ತೂಕದ ಯಂತ್ರ ಇವೆ. ಅವನ ವಹಿಯ ಮೊದಲ ಪುಟದಲ್ಲಿ ಬೈಠಕಿನ ಭಾರ 20 ಎಂದಿದೆ. ಹೋದ ಸೋಮವಾರದ ಪುಟದಲ್ಲಿ 85 ಎಂದಿದೆ, ಮೈಯ ತೂಕವು ಆರು ಕಿಲೋ ಏರಿದೆ. ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಆರಕ್ಕೆ ಕೊಟ್ಟಿಗೆಯು ತೆರೆದಿರುತ್ತದೆ. ಬರುವವರು ಒಂದು ವಹಿಯನ್ನೂ ಸೀಸದಕಡ್ಡಿಯನ್ನೂ ತಪ್ಪದೆ ತರಬೇಕೆಂದು ಅವನ ಕಟ್ಟಪ್ಪಣೆ.