ಊರಿನ ಕಸದ ಲೆಕ್ಕ

(ನಾಗಪುರದ ಪ್ರತಾಪ ನಗರದಲ್ಲಿ ಸೇರಿದ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಕಸದ ಮಾತನ್ನಾಡಹೊರಟಿದ್ದೇವೆ. ಹಬ್ಬದ ದಿನ ಇದೆಂತಹ ವಿಷಯವೆಂದು ತಾವು ಹುಬ್ಬೇರಿಸಬಹುದು. ಆದರೆ ಹಬ್ಬಕ್ಕೆ ಮೊದಲು ಮನೆ ಗುಡಿಸುವುದು ನಮ್ಮವರ ವಾಡಿಕೆಯಷ್ಟೆ. ಅಷ್ಟರ ಮಟ್ಟಿಗೆ ಕ್ಷಮಿಸಬೇಕು.

1956ರ ನವೆಂಬರ್ 1ರಂದು, ಮದರಾಸು ರಾಜ್ಯದಲ್ಲಿದ್ದ ಮಂಗಳೂರು ಮೈಸೂರು ರಾಜ್ಯಕ್ಕೆ ಬಂದು ಸೇರಿತು. ಅದೇ ದಿನ, ಅಲ್ಲಿಯ ತನಕ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಈ ನಾಗಪುರ ಮುಂಬಯಿ ರಾಜ್ಯದ ಪಾಲಾಯಿತು. ನಮ್ಮ ಹುಟ್ಟೂರಿಗೂ ನಮಗೆ ಅನ್ನ ಕೊಟ್ಟ ಊರಿಗೂ ಒಂದೇ ದಿನ ಮನೆ ಬದಲಾಯಿತೆನ್ನಬೇಕು. ಇಂದು ಆ ಎರಡೂ ಊರುಗಳ ಒಂದು ಸಮಾನ ಕಷ್ಟವನ್ನು ಹೇಳಬೇಕೆಂದಿದ್ದೇವೆ.

ಮಂಗಳೂರು ಸಮುದ್ರತೀರದ ಚಿಕ್ಕ ನಗರ. 1866ರಲ್ಲಿಯೇ ಅಲ್ಲಿಗೆ ಪುರಸಭೆ ಬಂದಿತು. 1980ರಲ್ಲಿ ಅದು ಮಹಾನಗರಪಾಲಿಕೆಯಾಯಿತು. 2011ರ ಜನಗಣತಿಯಲ್ಲಿ ಅಲ್ಲಿಯ ಜನಸಂಖ್ಯೆ ಐದು ಲಕ್ಷಕ್ಕೆ ತುಸು ಕಡಿಮೆ. ನಾಗಪುರದ್ದು 24 ಲಕ್ಷ. ಆ ಚಿಕ್ಕ ನಗರದ ಕಸ ವರ್ಷಗಟ್ಟಲೆ ಪಚ್ಚನಾಡಿಯ ಗುಡ್ಡದ ಮೇಲೆ ಬೀಳುತ್ತಿತ್ತು. ಹಸಿ ಒಣ ಬೇರೆ ಮಾಡಿದ್ದು ಕಡಿಮೆ, ರಾಶಿ ಹಾಕಿದ್ದೇ ಹೆಚ್ಚು. ಕರಾವಳಿಯ ಮಳೆಯನ್ನು ತಾವು ಬಲ್ಲಿರಿ: ನಾಗಪುರದ ಮೂರು ವರ್ಷದ ಮಳೆ ಅಲ್ಲಿ ಒಂದೇ ವರ್ಷದಲ್ಲಿ ಸುರಿಯುತ್ತದೆ. 2019ರ ಆಗಸ್ಟಿನಲ್ಲಿ, ನೀರು ಕುಡಿದು ಭಾರವಾದ ಆ ರಾಶಿ ಜರಿಯಿತು. ತಗ್ಗಿನಲ್ಲಿದ್ದ ಮಂದಾರವೆಂಬ ಸ್ಥಳಕ್ಕೆ ಹರಿದು, ತೆಂಗು ಕಂಗಿನ ತೋಟಗಳನ್ನೂ ಮನೆಗಳನ್ನೂ ಮುಚ್ಚಿತು. ಹಲವು ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಬಾವಿಗಳ ನೀರು ಕೆಟ್ಟಿತು. ರಾಶಿಯಿಂದ ಬಸಿದ ಕೊಳಕು ನೀರು ತೋಡು ಹಿಡಿದು ಫಲ್ಗುಣಿ ನದಿಯ ಕಡೆಗೆ ಹೋಯಿತು. ಸಂಗತಿ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು.

ಪತ್ರಿಕೆಯಲ್ಲಿ ಆ ಚಿತ್ರಗಳನ್ನು ನೋಡಿದ ದಿನ ನಾವು ಊಟದ ಹೊತ್ತಿನಲ್ಲಿ ಅರ್ಧ ಗಂಟೆ ಊರಿನ ಆಡಳಿತವನ್ನು ಬೈದೆವು. ಊರಿನಿಂದ ಬಂದಿದ್ದ ಅಮ್ಮ ಸಾರು ಬಡಿಸುತ್ತ ಕೇಳಿದರು: “ಅದೆಲ್ಲ ಸರಿ ಮಗ, ಈ ಮನೆಯ ಕಸ ಎಲ್ಲಿಗೆ ಹೋಗ್ತದೆ?”

ನಮ್ಮಲ್ಲಿ ಉತ್ತರವಿರಲಿಲ್ಲ. ಐದು ವರ್ಷಗಳಿಂದ ಇಲ್ಲಿದ್ದೆವು. ಬೆಳಿಗ್ಗೆ ಗಾಡಿ ಬಂದೊಡನೆ ಅಡುಗೆಮನೆಯ ಸಿಪ್ಪೆ, ಹಾಲಿನ ತೊಟ್ಟೆ, ಒಡೆದ ಬಲ್ಬು, ಎಲ್ಲವನ್ನೂ ಒಂದೇ ಚೀಲದಲ್ಲಿ ಕಟ್ಟಿ ಎಸೆಯುತ್ತಿದ್ದೆವು. ಗಾಡಿ ತಿರುವು ದಾಟಿದರೆ ನಮ್ಮ ಮಟ್ಟಿಗೆ ಕಸ ಮುಗಿಯಿತು.

ಬ್ಯಾಂಕಿನ ಗುಮಾಸ್ತರಾದ ನಮಗೆ ಇದಕ್ಕಿಂತ ನಾಚಿಕೆ ಬೇರೆ ಬೇಕೆ? ಒಂದು ಖಾತೆಯಿಂದ ಹೋದ ಹಣ ಇನ್ನೊಂದು ಖಾತೆಯಲ್ಲಿ ಕಾಣಲೇಬೇಕು. ಕಾಣದಿದ್ದರೆ ಆ ದಿನದ ಲೆಕ್ಕ ಮುಗಿಯದು, ನಾವು ಮನೆಗೆ ಹೊರಡುವಂತಿಲ್ಲ. ಕಸದ ಲೆಕ್ಕವೂ ಹಾಗೆಯೇ. ಮಂಗಳೂರಿನ ಬೀದಿಗಳಿಂದ ಕಳೆದದ್ದು ಮಂದಾರದ ಅಂಗಳದಲ್ಲಿ ಜಮೆಯಾಯಿತು. ನಾವು ಪ್ರತಾಪ ನಗರದಲ್ಲಿ ಕಟ್ಟಿ ಎಸೆದದ್ದು ಊರಿನ ಪೂರ್ವದಂಚಿನ ಭಾಂಡೇವಾಡಿಯಲ್ಲಿ ಜಮೆಯಾಗುತ್ತಿತ್ತು. ಅದರ ಸುತ್ತಲೂ ಮನೆಗಳಿವೆ, ಮಕ್ಕಳಿದ್ದಾರೆ.

ಎಲ್ಲ ತಪ್ಪೂ ಮನೆಯವರದೆಂದು ನಮ್ಮ ಅಭಿಪ್ರಾಯವಲ್ಲ. ಕಸ ಎಲ್ಲಿ ಬೀಳಬೇಕು, ಎಷ್ಟು ಎತ್ತರ ಬೆಳೆಯಬಹುದು, ಮಳೆಗಾಲಕ್ಕೆ ಮುಂಚೆ ಏನು ಭದ್ರಮಾಡಬೇಕು, ಇವೆಲ್ಲ ಆಡಳಿತ ನಿರ್ಧರಿಸುವ ಮಾತುಗಳು. ಹಸಿ, ಒಣ, ಅಪಾಯಕರ ಎಂದು ಮನೆಯಲ್ಲಿಯೇ ಮೂರು ಪಾಲು ಮಾಡಬೇಕೆಂದು 2016ರಲ್ಲಿ ಕೇಂದ್ರ ಸರಕಾರ ನಿಯಮ ಹೊರಡಿಸಿತು. ಅದಾದ ಮೂರೇ ವರ್ಷಕ್ಕೆ ಮಂದಾರ ಮುಚ್ಚಿಹೋಯಿತು. ಕಾಗದದ ಮೇಲಿನ ನಿಯಮವನ್ನು ಬೀದಿಗೆ ಇಳಿಸಬೇಕಾದರೆ ಕೇಳುವ ಪೌರರು ಬೇಕು.

ನಾಗಪುರದ ಪಾಲಿಕೆಯ ಅವಧಿ 2022ರ ಮಾರ್ಚಿಯಲ್ಲಿ ತೀರಿತು. ಮುಂದಿನ ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ನಡುವಿನ ಕಾಲದಲ್ಲಿ ಚುನಾಯಿತ ಸದಸ್ಯರಿರಲಿಲ್ಲ. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಗಮನಿಸಿದೆವು? ಮರಾಠಿ ಚೆನ್ನಾಗಿ ಬಾರದು, ಇದು ನಮ್ಮ ಊರಲ್ಲ, ನಾಳೆ ವರ್ಗವಾಗಬಹುದು ಎಂದುಕೊಂಡು ಸುಮ್ಮನಿದ್ದೆವು. ಮಂಗಳೂರಿನಲ್ಲಿ ನಮಗೆ ಮತವಿಲ್ಲ. ಇಲ್ಲಿ ಇದ್ದರೂ ಹಾಕುವುದಿಲ್ಲ. ಹಾಗಾದರೆ ನಾವು ಯಾವ ಊರಿನ ಪೌರರು?

“ನಾವು ಬೇರೆ ಮಾಡಿದರೇನು, ಗಾಡಿಯಲ್ಲಿ ಒಂದಾಗದೆ?” ಎಂದು ಸ್ನೇಹಿತರು ಕೇಳುತ್ತಾರೆ. ಒಂದಾದರೆ ಹೋಗಿ ಕೇಳೋಣ. ಆದರೆ ಒಂದೇ ಚೀಲದಲ್ಲಿ ಕಟ್ಟಿ ಕೊಟ್ಟವರಿಗೆ ಕೇಳುವ ಬಾಯಿ ಎಲ್ಲಿದೆ?

ನಮ್ಮ ಬಿನ್ನಹ ಇಷ್ಟೆ. ಈ ರಾತ್ರಿ ಮನೆಗೆ ಹೋದ ಮೇಲೆ ಕಸದ ಬುಟ್ಟಿಗಳನ್ನು ಬೇರೆ ಬೇರೆ ಮಾಡಿರಿ. ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರು ಇದೆಯೇ ನೋಡಿರಿ. ಬಿಡುವಾದೊಂದು ಭಾನುವಾರ ನಾವು ನಾಲ್ಕು ಮಂದಿ ಕೂಡಿ, ಹರಕುಮುರುಕು ಮರಾಠಿಯಲ್ಲಿಯೇ ಆಗಲಿ, ನಮ್ಮ ವಾರ್ಡಿನ ಸದಸ್ಯರನ್ನು ಕಂಡು, ಅಮ್ಮ ಕೇಳಿದ ಪ್ರಶ್ನೆಯನ್ನೇ ಕೇಳೋಣ. ಬರುವವರು ಸಭೆ ಮುಗಿದ ಮೇಲೆ ಹೆಸರು ಕೊಡಬೇಕಾಗಿ ಪ್ರಾರ್ಥನೆ.