ಕಡಲಬಂಡೆಯ ಡಡ್ಲಿಯಾ

ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ, ಅಲೆಯ ತುಂತುರು ಬಡಿಯುವ ಕಡಿದಾದ ಬಂಡೆಗಳ ಬಿರುಕುಗಳಲ್ಲಿ, ಸುತ್ತುಸುತ್ತಾಗಿ ಎಲೆ ಜೋಡಿಸಿಕೊಂಡ ದಪ್ಪೆಲೆಯ ಗಿಡಗಳು ಬೆಳೆಯುತ್ತವೆ. ಇವೇ ಡಡ್ಲಿಯಾ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ವಿಲಿಯಂ ರಸೆಲ್ ಡಡ್ಲಿ ಅವರ ನೆನಪಿಗೆ 1903ರಲ್ಲಿ ಸಸ್ಯವಿಜ್ಞಾನಿಗಳಾದ ಬ್ರಿಟನ್ ಮತ್ತು ರೋಸ್ ಇಟ್ಟ ಹೆಸರು ಇದು. ನಮ್ಮ ಹಿತ್ತಿಲ ಕಾಡುಬಸಳೆಯೂ ಇದೇ ಕುಟುಂಬಕ್ಕೆ ಸೇರಿದ್ದು.

ಗುರುತು ಹಿಡಿಯುವಾಗ ಬಣ್ಣವನ್ನು ನಂಬಬಾರದು. ಒಂದೇ ಗಿಡ ಮಳೆಗಾಲದಲ್ಲಿ ಹಸಿರಾಗಿ, ಬಿಸಿಲಿಗೆ ಕೆಂಪೇರಿ, ಬೇಸಿಗೆಯ ಒಣಹವೆಗೆ ಮುದುಡಿ ಬೇರೆಯದೇ ಗಿಡದಂತೆ ಕಾಣುತ್ತದೆ. ನೋಡಬೇಕಾದದ್ದು ಎಲೆಯ ಆಕಾರ, ಹೂದಂಟು ಹೊರಡುವ ಜಾಗ. ಅದೇ ದಂಡೆಯಲ್ಲಿ ಹಾಸಿನಂತೆ ಹಬ್ಬುವ ಐಸ್ ಪ್ಲಾಂಟ್ ದಕ್ಷಿಣ ಆಫ್ರಿಕಾದಿಂದ ಬಂದದ್ದು. ಅದರ ಎಲೆಗೆ ಮೂರು ಏಣು, ಹೂವಿಗೆ ಲೆಕ್ಕವಿಲ್ಲದಷ್ಟು ಎಸಳು. ಡಡ್ಲಿಯಾ ಹೂವಿಗೆ ಐದೇ ಎಸಳು. ಇನ್ನೊಂದು ದಪ್ಪೆಲೆಯ ಗಿಡವಾದ ಸೀಡಮ್‌ನ ಹೂದಂಟು ಎಲೆಸುತ್ತಿನ ನಡುವಿನಿಂದಲೇ ಏಳುತ್ತದೆ. ಡಡ್ಲಿಯಾದ್ದು ಪಕ್ಕದ ಎಲೆಯ ಕಂಕುಳಿನಿಂದ. ಹೀಗಾಗಿ ಹೂ ಬಾಡಿದರೂ ನಡುವಿನ ಸುತ್ತು ಉಳಿದು, ಗಿಡ ಹಲವು ವರ್ಷ ಬಾಳುತ್ತದೆ.

ಡಡ್ಲಿಯಾದ ಪ್ರಭೇದಗಳನ್ನು ಬೇರ್ಪಡಿಸಿ ಗುರುತಿಸುವುದು ಮಾತ್ರ ಕಷ್ಟ. ಫ್ಯಾರಿನೋಸಾದ ಎಲೆ ಗಿಡ್ಡ, ಹೂ ತಿಳಿಹಳದಿ. ಸೀಸ್ಪಿಟೋಸಾದ ಎಲೆ ನೀಳ, ಹೂ ಹಳದಿಯಿಂದ ಕೆಂಪಿನವರೆಗೆ. ಆದರೆ ಎರಡೂ ಕೂಡಿದ ಕಡೆ ಮಿಶ್ರತಳಿಗಳು ಹುಟ್ಟಿ, ಪರಿಣತರನ್ನೂ ಗೊಂದಲಕ್ಕೆ ತಳ್ಳುತ್ತವೆ. ಪಲ್ವೆರುಲೆಂಟಾ ಸುಲಭ: ಅಗಲವಾದ ಬಿಳಿಚು ಎಲೆ, ಝೇಂಕಾರದ ಹಕ್ಕಿಗಳನ್ನು ಕರೆಯುವ ಕೆಂಪು ಹೂ.

ಆ ಬಿಳುಪು ಮೇಣದ ಹುಡಿ. ಅದು ಅತಿನೇರಳೆ ಕಿರಣವನ್ನು ಹಿಂದಕ್ಕೆ ತಳ್ಳುತ್ತದೆ, ಎಲೆಯ ನೀರು ಆರದಂತೆ ತಡೆಯುತ್ತದೆ. ಬೆರಳು ತಾಕಿದರೆ ಸಾಕು, ಅದು ಉದುರಿ ಗುರುತು ಉಳಿಯುತ್ತದೆ. ಆದ್ದರಿಂದ ಮುಟ್ಟದೆ ನೋಡುವುದೇ ಸರಿಯಾದ ಕ್ರಮ.

ಕೀಳುವುದಂತೂ ಸಲ್ಲ. ಇತ್ತೀಚಿನ ವರ್ಷಗಳಲ್ಲಿ ವಿದೇಶದ ಅಲಂಕಾರಪ್ರಿಯರಿಗೆ ಮಾರಲು ಸಾವಿರಾರು ಗಿಡಗಳು ಕಳವಾದವು. ಅದನ್ನು ತಡೆಯಲು 2021ರಲ್ಲಿ ಕ್ಯಾಲಿಫೋರ್ನಿಯಾ ಪ್ರತ್ಯೇಕ ಕಾನೂನನ್ನೇ ತಂದಿತು. ಬಿದ್ದ ಎಲೆಯಿಂದಲೇ ಚಿಗುರುವ ಕಾಡುಬಸಳೆಯ ಶಕ್ತಿ ಡಡ್ಲಿಯಾಕ್ಕೆ ಸಾಮಾನ್ಯವಾಗಿ ಇಲ್ಲ. ಬೋಳಾದ ಬಂಡೆಯಲ್ಲಿ ಅದು ಮತ್ತೆ ಬೇರೂರಬೇಕಾದರೆ, ಉಳಿದ ಗಿಡಗಳ ಹುಡಿಯಂಥ ಬೀಜ ಬಿರುಕಿಗೆ ಬಿದ್ದು ಮೊಳೆಯಬೇಕು.